ನದಿಮೂಲ, ಋಷಿಮೂಲ, ಸುದ್ದಿಮೂಲ

ರಾತ್ರಿ ಒಂಬತ್ತೂವರೆ. ಪತ್ರಿಕಾ ಕಚೇರಿಯಲ್ಲಿ ಮುಖಪುಟ ಕಟ್ಟುವ ಗಡಿಬಿಡಿ. ಕ್ರೈಂ ರಿಪೋರ್ಟರ್‌ನ ಕುರ್ಚಿ ಮಾತ್ರ ಖಾಲಿ. ಅವನು ಊರಿನ ಇನ್ನೊಂದು ತುದಿಯಲ್ಲಿ, ರೈಲು ನಿಲ್ದಾಣದ ಹೊರಗಿನ ಚಹಾದಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಮೇಲೆ ಕಣ್ಣಿಟ್ಟು ಕೂತಿದ್ದಾನೆ. ಮುಂದಿಟ್ಟ ಚಹಾ ಆರಿ ಕೆನೆಗಟ್ಟಿದೆ. ಬರುತ್ತೇನೆಂದವನು ಹೇಳಿದ ಹೊತ್ತಿಗೆ ಬಂದಿಲ್ಲ. ಫೋನ್ ಮಾಡಿ ಕೇಳುವಂತಿಲ್ಲ.

ಕೊನೆಗೂ ಬಂದವನು ಹತ್ತು ನಿಮಿಷ ಕೂರುತ್ತಾನೆ. ಮೂರು ಮಾತು ಹೇಳುತ್ತಾನೆ. ಒಂದು ಅವನು ಕಣ್ಣಾರೆ ಕಂಡದ್ದು, ಇನ್ನೊಂದು ಯಾರೋ ಹೇಳಿ ಕೇಳಿದ್ದು, ಮತ್ತೊಂದು ಬೇಕೆಂದೇ ಹೇಳಿದ ಸುಳ್ಳು. ಯಾವುದು ಯಾವುದೆಂದು ಪುಟ ಮುದ್ರಣಕ್ಕೆ ಹೋಗುವುದರೊಳಗೆ ತಿಳಿಯಬೇಕು. ತಿಳಿಯದಿದ್ದರೆ ಅಂದಿನ ಮಟ್ಟಿಗೆ ಸುದ್ದಿಯನ್ನು ಕೈಬಿಡಬೇಕು.

ಮರುದಿನ ಬೆಳಗ್ಗೆ ನಮ್ಮ ಕಣ್ಣಿಗೆ ಬೀಳುವುದು ಎರಡೇ ಪದ: ‘ಮೂಲಗಳು ತಿಳಿಸಿವೆ’.

ನದಿಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಅಪರಾಧ ಮತ್ತು ಗುಪ್ತಚರ ಲೋಕವನ್ನು ಬಗೆಯುವ ಪತ್ರಕರ್ತನ ಬದುಕೆಲ್ಲ ಮೂರನೆಯದೊಂದು ಮೂಲದ ಸುತ್ತ ತಿರುಗುತ್ತದೆ. ಸುದ್ದಿಮೂಲವನ್ನು ಅವನು ಕೊನೆಯವರೆಗೂ ಕೆದಕಬೇಕು, ಕಂಡುಕೊಂಡದ್ದನ್ನು ಯಾರಿಗೂ ಹೇಳಬಾರದು. ಈ ಕಸುಬು ಹೇಗೆ ನಡೆಯುತ್ತದೆ, ಎಂಥ ಬೆಲೆ ಕೇಳುತ್ತದೆ ಎಂಬುದನ್ನು ತಿಳಿಯಲು ಮುಂಬೈನ ಜ್ಯೋತಿರ್ಮಯ್ ಡೇ ಅವರ ಬದುಕಿಗಿಂತ ಹತ್ತಿರದ ಉದಾಹರಣೆ ಇಲ್ಲ.

ಕಾಡಿನಿಂದ ಭೂಗತ ಲೋಕಕ್ಕೆ

ಓದುಗರಿಗೆ ಅವರು ‘ಜೆ. ಡೇ’. ಪತ್ರಿಕೋದ್ಯಮದಲ್ಲಿ ಅವರ ಮೊದಲ ಆಸಕ್ತಿ ರೌಡಿಗಳಾಗಿರಲಿಲ್ಲ, ಕಾಡು. ಮುಂಬೈನ ಮಗ್ಗುಲಲ್ಲೇ ಇರುವ ಬೊರಿವಲಿ ರಾಷ್ಟ್ರೀಯ ಉದ್ಯಾನದ ಒತ್ತುವರಿ, ವನ್ಯಜೀವಿಗಳ ಸ್ಥಿತಿಗತಿಯ ಬಗ್ಗೆ ಹವ್ಯಾಸಿಯಾಗಿ ಬರೆಯುತ್ತ ಅವರು ಈ ವೃತ್ತಿಗೆ ಬಂದರು. ತೊಂಬತ್ತರ ದಶಕದ ನಡುವಿನಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಸೇರಿದ ಮೇಲೆ ಅಪರಾಧ ವರದಿಗಾರಿಕೆಗೆ ಹೊರಳಿದರು. ಮುಂದೆ ‘ಹಿಂದೂಸ್ತಾನ್ ಟೈಮ್ಸ್’, ಕೊನೆಗೆ ‘ಮಿಡ್-ಡೇ’ ಪತ್ರಿಕೆಯ ತನಿಖಾ ವಿಭಾಗ.

ಕಾಡಿನ ಒತ್ತುವರಿಯಿಂದ ಭೂಗತ ಲೋಕಕ್ಕೆ ಹಾದಿ ದೂರವೇನಲ್ಲ. ಮುಂಬೈನಂಥ ನಗರದಲ್ಲಿ ನೆಲವನ್ನು ಒತ್ತಿದವನ ಹಿಂದೆ ಬಿಲ್ಡರ್ ಇರುತ್ತಾನೆ, ಬಿಲ್ಡರನ ಹಿಂದೆ ಹಣ, ಹಣದ ಹಿಂದೆ ಬೆದರಿಕೆಯ ಬಲ. ಒಂದು ಎಳೆ ಹಿಡಿದು ಎಳೆದವನಿಗೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

ಡೇ ಎರಡು ಪುಸ್ತಕ ಬರೆದರು. ‘ಖಲ್ಲಾಸ್’ ಭೂಗತ ಲೋಕವನ್ನು ಪರಿಚಯಿಸುವ ಕೈಪಿಡಿ. 2010ರಲ್ಲಿ ಬಂದ ‘ಝೀರೋ ಡಯಲ್’ ಮಾಹಿತಿದಾರರ ಅಪಾಯದ ಜಗತ್ತನ್ನು ಕುರಿತದ್ದು. ಇಂಥ ಮಾಹಿತಿದಾರರನ್ನು ಮುಂಬೈನಲ್ಲಿ ‘ಖಬರಿ’ ಎನ್ನುತ್ತಾರೆ. ನಮ್ಮ ಠಾಣೆಗಳಲ್ಲಿ ‘ಬಾತ್ಮೀದಾರ’. ಪೊಲೀಸರಿಗೆ ಸುಳಿವು ಕೊಡುತ್ತ, ಗುಂಪಿನೊಳಗೂ ಇರುತ್ತ, ಎರಡೂ ಕಡೆ ಅನುಮಾನಕ್ಕೆ ಗುರಿಯಾಗಿ ಬಾಳುವ ಆ ಜನರ ಕಥೆಯನ್ನು ಬರೆದ ಮರುವರ್ಷವೇ ಡೇ ಕೊಲೆಯಾದರು.

ಮುಂಬೈಯೇ ಏಕೆ?

ಭೂಗತ ಲೋಕ ಆಕಾಶದಿಂದ ಉದುರಿದ್ದಲ್ಲ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬೊಂಬಾಯಿಯ ಬಂದರಿನ ಮೂಲಕ ಚಿನ್ನ, ಗಡಿಯಾರ, ಟ್ರಾನ್ಸಿಸ್ಟರ್‌ಗಳ ಕಳ್ಳಸಾಗಣೆ ನಡೆಯುತ್ತಿತ್ತು. ಹಾಜಿ ಮಸ್ತಾನ್, ಕರೀಂ ಲಾಲಾ, ವರದರಾಜನ್ ಮುದಲಿಯಾರ್ ಹೆಸರುಗಳು ಆ ಕಾಲದವು.

1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಜವಳಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಲಕ್ಷಾಂತರ ಕುಟುಂಬಗಳ ಒಲೆ ತಣ್ಣಗಾಯಿತು. ಕೆಲಸ ಕಳೆದುಕೊಂಡ ಕಾರ್ಮಿಕರ ಮನೆಯ ಹುಡುಗರಲ್ಲಿ ಕೆಲವರು ಗ್ಯಾಂಗುಗಳ ಪಾಲಾದರು. ಗಿರಣಿ ಜಮೀನಿಗೆ ಚಿನ್ನದ ಬೆಲೆ ಬಂದಾಗ ಅದೇ ಗ್ಯಾಂಗುಗಳು ಭೂವ್ಯವಹಾರಕ್ಕಿಳಿದವು.

ಮಹಾನಗರದ ಹೋಟೆಲು, ಬಾರುಗಳನ್ನು ಕಟ್ಟಿ ಬೆಳೆಸಿದವರಲ್ಲಿ ಕರಾವಳಿಯಿಂದ ಹೋದ ನಮ್ಮವರು ಬಹಳ ಮಂದಿ. ಹಫ್ತಾ ಕೇಳುವ ಫೋನಿನ ಸದ್ದು ಅವರ ಮನೆಗಳಿಗೂ ಪರಿಚಿತ. ಹೀಗಾಗಿ ಮುಂಬೈ ಭೂಗತ ಲೋಕದ ಸುದ್ದಿ ಉಡುಪಿ, ಮಂಗಳೂರಿನ ಮನೆಗಳಲ್ಲಿ ಎಂದೂ ದೂರದೂರಿನ ಸುದ್ದಿಯಾಗಿರಲಿಲ್ಲ.

1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ 257 ಮಂದಿ ಸತ್ತರು. ಅಲ್ಲಿಂದ ಮುಂದೆ ಈ ಲೋಕದ ಸ್ವರೂಪವೇ ಬದಲಾಯಿತು. ಭೂಗತ ದೊರೆ ದಾವೂದ್ ಇಬ್ರಾಹಿಂ ಜತೆಗಿದ್ದ ಛೋಟಾ ರಾಜನ್ ಅವನ ಕಡುವೈರಿಯಾಗಿ ನಿಂತ, ತಾನು ‘ದೇಶಭಕ್ತ’ ಎಂದು ಬಿಂಬಿಸಿಕೊಂಡ. ಅಂದಿನಿಂದ ಕ್ರೈಂ ಬೀಟ್ ಮತ್ತು ಗುಪ್ತಚರ ಬೀಟ್ ಬೇರೆಬೇರೆಯಾಗಿ ಉಳಿಯಲಿಲ್ಲ. ಗಲ್ಲಿಯ ಕೊಲೆಯ ಎಳೆ ಹಿಡಿದು ಹೊರಟ ವರದಿಗಾರ ದುಬೈ, ಕರಾಚಿ, ಬ್ಯಾಂಕಾಕ್‌ವರೆಗೆ ಹೋಗಬೇಕಾಗುತ್ತಿತ್ತು.

ಸುದ್ದಿ ಹುಟ್ಟುವ ಬಗೆ

ಸಿನಿಮಾಗಳಲ್ಲಿ ತನಿಖಾ ಪತ್ರಕರ್ತ ಕತ್ತಲ ಗೋದಾಮಿನಲ್ಲಿ ಕ್ಯಾಮೆರಾ ಹಿಡಿದು ಅಡಗಿರುತ್ತಾನೆ. ನಿಜದ ಕೆಲಸ ಬಹುಪಾಲು ಕಾಗದದ್ದು, ಕಾಯುವಿಕೆಯದ್ದು.

ದಿನ ಶುರುವಾಗುವುದು ಕಂಟ್ರೋಲ್ ರೂಮಿಗೆ ಫೋನ್ ಹಚ್ಚುವುದರಿಂದ. ಆಮೇಲೆ ಠಾಣೆ, ಆಸ್ಪತ್ರೆ, ಶವಾಗಾರ. ಶವಾಗಾರದ ಸಿಬ್ಬಂದಿ ಕಂಡ ಗಾಯದ ಗುರುತು ಅಧಿಕಾರಿ ಹೇಳಿದ ಕಥೆಗೆ ಹೊಂದದೆ ಹೋದರೆ, ಅಲ್ಲಿಂದಲೇ ಒಂದು ತನಿಖೆ ಆರಂಭ.

ಮುಂದಿನ ನಿಲ್ದಾಣ ನ್ಯಾಯಾಲಯ. ಆರೋಪಿಯನ್ನು ವಶಕ್ಕೆ ಕೇಳುವಾಗ ಪೊಲೀಸರು ಸಲ್ಲಿಸುವ ರಿಮಾಂಡ್ ಅರ್ಜಿ, ಮಹಜರು, ಕೊನೆಗೆ ಬರುವ ದೋಷಾರೋಪ ಪಟ್ಟಿ, ಇವುಗಳ ನಡುವಿನ ವ್ಯತ್ಯಾಸವನ್ನು ಓದಬಲ್ಲವನೇ ಒಳ್ಳೆಯ ಕ್ರೈಂ ರಿಪೋರ್ಟರ್. ಮೊದಲ ದಿನ ಇದ್ದ ಹೆಸರು ತೊಂಬತ್ತನೆಯ ದಿನ ಮಾಯವಾಗಿದ್ದರೆ ಏಕೆ? ಆಯುಧ ಸಿಕ್ಕ ಜಾಗ ಬದಲಾದದ್ದು ಏಕೆ? ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಈ ಕೆಲಸ ಸ್ವಲ್ಪ ಸಲೀಸಾಗಿದೆ. ಆದರೆ ಸೂಕ್ಷ್ಮವೆಂದು ಪರಿಗಣಿಸಿದ ಪ್ರಕರಣಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ತನಿಖಾ ವರದಿಗಾರನಿಗೆ ಬೇಕಾಗುವುದು ಹೆಚ್ಚಾಗಿ ಅಂಥವೇ.

ಕಾಗದ ಹೇಳದ್ದನ್ನು ಮನುಷ್ಯರು ಹೇಳಬೇಕು. ಕಾನ್‌ಸ್ಟೆಬಲ್, ಕೋರ್ಟ್ ಗುಮಾಸ್ತ, ವಕೀಲ, ಜೈಲಿನಿಂದ ಹೊರಬಂದವನು, ಬಾರ್ ಮ್ಯಾನೇಜರ್. ಇವರ ವಿಶ್ವಾಸ ಗಳಿಸಲು ವರ್ಷಗಟ್ಟಲೆ ಬೇಕು. ಸುದ್ದಿ ಇಲ್ಲದ ದಿನವೂ ಹೋಗಿ ಮಾತಾಡಿಸಿಕೊಂಡು ಬರಬೇಕು. ಮಗಳ ಮದುವೆಗೆ ಹೋಗಬೇಕು, ಸಾವಿನ ಮನೆಗೆ ಹೋಗಬೇಕು. ಹೀಗೆ ಬೆಳೆದ ಸಂಬಂಧವೇ ಈ ವೃತ್ತಿಯ ಬಂಡವಾಳ. ಪತ್ರಿಕೆ ಬದಲಿಸಿದರೂ ಅದು ವರದಿಗಾರನ ಜತೆಗೇ ಹೋಗುತ್ತದೆ.

ಕೊಡುವವನಿಗೇನು ಲಾಭ?

ಯಾರೂ ಸುಮ್ಮನೆ ಸುದ್ದಿ ಕೊಡುವುದಿಲ್ಲ. ಅಧಿಕಾರಿಗೆ ಬಡ್ತಿಯ ಆಸೆ, ಇಲ್ಲವೇ ಸಹೋದ್ಯೋಗಿಯ ಮೇಲೆ ಮತ್ಸರ. ಗ್ಯಾಂಗಿನವನಿಗೆ ಎದುರಾಳಿಯನ್ನು ಸಿಕ್ಕಿಸುವ ಇಲ್ಲವೇ ತನ್ನ ಹೆಸರಿಗೆ ಭಯ ತುಂಬುವ ಹಂಬಲ. ನ್ಯಾಯಕ್ಕಾಗಿ ಬಾಯಿ ಬಿಡುವವರೂ ಇದ್ದಾರೆ, ಅವರೇ ಅತಿ ಹೆಚ್ಚು ಅಪಾಯದಲ್ಲಿರುವವರು. ಆದ್ದರಿಂದ ಸುದ್ದಿ ಸಿಕ್ಕ ಕೂಡಲೇ ಒಳ್ಳೆಯ ವರದಿಗಾರ ‘ಇದು ನಿಜವೇ’ ಎಂದಷ್ಟೇ ಕೇಳಿಕೊಳ್ಳುವುದಿಲ್ಲ. ‘ಇದನ್ನು ಇವನು ನನಗೇ, ಇವತ್ತೇ ಏಕೆ ಹೇಳುತ್ತಿದ್ದಾನೆ’ ಎಂದೂ ಕೇಳಿಕೊಳ್ಳುತ್ತಾನೆ.

ಆ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈ ಇತಿಹಾಸದಲ್ಲೇ ಪಾಠವಿದೆ. 2006ರ ನವೆಂಬರ್ 11ರಂದು ವರ್ಸೋವಾ ಬಳಿ ರಾಮನಾರಾಯಣ ಗುಪ್ತ ಎಂಬಾತ ಎನ್‌ಕೌಂಟರ್‌ನಲ್ಲಿ ಸತ್ತನೆಂದು ಪೊಲೀಸರು ಪ್ರಕಟಿಸಿದರು. ಲಖನ್ ಭಯ್ಯಾ ಎಂಬ ಅಡ್ಡಹೆಸರಿನ ಆತ ರಾಜನ್ ಗುಂಪಿನವನು ಎಂಬುದು ಅವರ ಆರೋಪ. ಆಗಿನ ಮುಂಬೈನಲ್ಲಿ ಇಂಥ ಸುದ್ದಿಗಳು ಎಷ್ಟು ಸಾಮಾನ್ಯವಾಗಿದ್ದವೆಂದರೆ, ಅಧಿಕಾರಿಗಳು ‘ಎನ್‌ಕೌಂಟರ್ ಸ್ಪೆಷಲಿಸ್ಟ್’ ಎಂಬ ಬಿರುದಿನೊಂದಿಗೆ ಪತ್ರಿಕೆಗಳಲ್ಲಿ ನಾಯಕರಾಗಿ ಮೆರೆಯುತ್ತಿದ್ದರು.

ಆದರೆ ಅಂದು ಒಂದು ಪುರಾವೆ ಉಳಿದಿತ್ತು. ಸತ್ತವನ ಸೋದರ ವಕೀಲರಾಗಿದ್ದರು. ರಾಮನಾರಾಯಣನನ್ನು ಅಪಹರಿಸಲಾಗಿದೆ ಎಂದು ಅವರು ಅದೇ ದಿನ ಅಧಿಕಾರಿಗಳಿಗೆ ಫ್ಯಾಕ್ಸ್, ಟೆಲಿಗ್ರಾಂ ಕಳಿಸಿದ್ದರು. ಪೊಲೀಸರ ಕಥೆಯನ್ನು ಆ ಕಾಗದಗಳು ಒಪ್ಪಲಿಲ್ಲ. 2013ರಲ್ಲಿ ಸೆಷನ್ಸ್ ನ್ಯಾಯಾಲಯ ಅದು ನಕಲಿ ಎನ್‌ಕೌಂಟರ್ ಎಂದು ತೀರ್ಮಾನಿಸಿ 13 ಪೊಲೀಸರು ಸೇರಿ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ವರ್ಷ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ತನಿಖೆಗೆ 16 ಅಂಶಗಳ ಮಾರ್ಗಸೂಚಿ ಕೊಟ್ಟಿತು.

‘ಪೊಲೀಸ್ ಮೂಲಗಳು ತಿಳಿಸಿವೆ’ ಎಂದು ಬರೆದು ಕೈತೊಳೆದುಕೊಂಡವರೆಲ್ಲ ಅಂದು ಒಂದು ಕೊಲೆಯ ಸುಳ್ಳು ಕಥೆಯನ್ನು ಓದುಗರ ಮನೆಗೆ ಮುಟ್ಟಿಸಿದ್ದರು. ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳು ಬೇಕು, ಬಾಯಿಮಾತಿಗೆ ಕಾಗದದ ಆಸರೆ ಬೇಕು ಎಂದು ಹಳಬರು ಹೊಸಬರಿಗೆ ಹೇಳಿಕೊಡುವುದು ಇದಕ್ಕಾಗಿಯೇ.

ಗುಪ್ತಚರರ ಬಾಗಿಲಲ್ಲಿ

ಪೊಲೀಸ್ ಠಾಣೆಗೆ ಬಾಗಿಲಾದರೂ ಇದೆ. ಗುಪ್ತಚರ ಸಂಸ್ಥೆಗಳಿಗೆ ವರದಿಗಾರನ ಪಾಲಿಗೆ ಅದೂ ಇಲ್ಲ. ಇಂಟೆಲಿಜೆನ್ಸ್ ಬ್ಯೂರೋ ಬ್ರಿಟಿಷರ ಕಾಲದಲ್ಲಿ, 1887ರಲ್ಲಿ ಹುಟ್ಟಿದ್ದು. ವಿದೇಶಿ ಬೇಹುಗಾರಿಕೆಯ ‘ರಾ’ 1968ರಲ್ಲಿ ಆರಂಭವಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಇವೆರಡನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ದೂರುಗಳಿಗೆ ಮಾತ್ರ ಕಿರುಬಾಗಿಲು.

ಪತ್ರಿಕಾಗೋಷ್ಠಿ ಇಲ್ಲ, ವಕ್ತಾರರಿಲ್ಲ, ನ್ಯಾಯಾಲಯದ ಕಡತವೂ ವಿರಳ. ಇಲ್ಲಿ ಸುದ್ದಿ ಬರುವುದು ಯಾರೋ ಕೊಡಲು ಮನಸ್ಸು ಮಾಡಿದಾಗ. ಆದ್ದರಿಂದಲೇ ಕೊಡುವವನ ಉದ್ದೇಶ ಇಲ್ಲಿ ಇನ್ನೂ ಆಳ, ಅದನ್ನು ಪರೀಕ್ಷಿಸುವುದು ಇನ್ನೂ ಕಷ್ಟ. ಎಚ್ಚರ ತಪ್ಪಿದ ವರದಿಗಾರ ಸಂಸ್ಥೆಯೊಂದರ ಪ್ರಚಾರಕನಾಗುತ್ತಾನೆ. ಎಚ್ಚರ ಹೆಚ್ಚಾಗಿ ಪ್ರಶ್ನೆ ಕೇಳಿದರೆ ಅವನ ಮೇಲೆಯೇ ಅನುಮಾನ ಬೀಳಬಹುದು.

ಇಫ್ತಿಕಾರ್ ಗಿಲಾನಿ ಅವರ ಪ್ರಕರಣ ಈ ಎರಡನೆಯದಕ್ಕೆ ಸಾಕ್ಷಿ. ದೆಹಲಿಯಲ್ಲಿ ಪತ್ರಕರ್ತರಾಗಿದ್ದ ಅವರನ್ನು 2002ರ ಜೂನ್‌ನಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಬಂಧಿಸಲಾಯಿತು. ಅದು 1923ರ ಕಾಯ್ದೆ. ರಹಸ್ಯ ದಾಖಲೆ ಎಂದು ತೋರಿಸಿದ್ದು ಆಗಲೇ ಸಾರ್ವಜನಿಕವಾಗಿ ಲಭ್ಯವಿದ್ದ ಒಂದು ಪ್ರಬಂಧವನ್ನು. ಏಳು ತಿಂಗಳು ತಿಹಾರ್ ಜೈಲಿನಲ್ಲಿ ಕಳೆದ ಮೇಲೆ, 2003ರ ಜನವರಿಯಲ್ಲಿ ಸರ್ಕಾರವೇ ಮೊಕದ್ದಮೆ ಹಿಂತೆಗೆದುಕೊಂಡಿತು. ಆ ಏಳು ತಿಂಗಳನ್ನು ಯಾರೂ ಹಿಂದಿರುಗಿಸಲಿಲ್ಲ.

ಗುರುತು ತೋರಿಸಿದ ಭೇಟಿ

ಡೇ ಕಥೆಗೆ ಮರಳೋಣ. 2011ರ ಬೇಸಿಗೆಯ ಕೊನೆಯಲ್ಲಿ ಅವರು ಛೋಟಾ ರಾಜನ್ ಬಗ್ಗೆ ಬರೆದಿದ್ದರು. ಅವನ ಆರೋಗ್ಯ, ಕುಗ್ಗುತ್ತಿದ್ದ ಅವನ ಹಿಡಿತ ಆ ಬರಹಗಳ ವಿಷಯ. ಡಾನ್ ಎಂಬವನಿಗೆ ಇರುವ ಆಸ್ತಿ ಒಂದೇ, ಭಯ. ಅವನಿಗೆ ವಯಸ್ಸಾಗಿದೆ, ಹಿಡಿತ ಸಡಿಲಾಗಿದೆ ಎಂಬ ಸುದ್ದಿ ಬಂದರೆ ಹಫ್ತಾ ಕೊಡುವ ಕೈ ಹಿಂಜರಿಯುತ್ತದೆ. ಆ ಬರಹಗಳಿಂದ ಮತ್ತು ಡೇ ಬರೆಯಲಿದ್ದ ಹೊಸ ಪುಸ್ತಕದಿಂದ ರಾಜನ್ ಕೆರಳಿದ ಎಂದು ಅಭಿಯೋಜನೆ ನ್ಯಾಯಾಲಯದಲ್ಲಿ ವಾದಿಸಿತು.

ಕೊಲೆಗೆ ಕೆಲವೇ ದಿನ ಮುಂಚೆ, ಜೂನ್ ಮೊದಲ ವಾರದಲ್ಲಿ, ಡೇ ಮುಲುಂಡಿನ ಬಾರೊಂದರಲ್ಲಿ ಒಬ್ಬ ಪರಿಚಿತನನ್ನು ಭೇಟಿಯಾಗಿದ್ದರು. ಹಂತಕರಿಗೆ ಅವರ ಮುಖದ ಗುರುತು ಹಿಡಿಸುವುದೇ ಆ ಭೇಟಿಯ ಉದ್ದೇಶವಾಗಿತ್ತು ಎಂಬುದು ತನಿಖೆಯ ಹೇಳಿಕೆ. ಬದುಕಿಡೀ ಯಾವ ಬಗೆಯ ಭೇಟಿಗಳಿಂದ ಸುದ್ದಿ ಗಳಿಸಿದ್ದರೋ, ಅಂಥದೇ ಒಂದು ಭೇಟಿ ಅವರನ್ನು ಹಂತಕರಿಗೆ ತೋರಿಸಿಕೊಟ್ಟಿತು.

ಜೂನ್ 11ರ ಶನಿವಾರ ಮಧ್ಯಾಹ್ನ, ಡೇ ಬೈಕಿನಲ್ಲಿ ಪೊವಾಯಿಯ ಮನೆಗೆ ಹಿಂದಿರುಗುತ್ತಿದ್ದರು. ಹೀರಾನಂದಾನಿ ಬಡಾವಣೆಯ ಬಳಿ ಬೈಕುಗಳಲ್ಲಿ ಹಿಂಬಾಲಿಸಿ ಬಂದವರು ಗುಂಡು ಹಾರಿಸಿದರು. ಹತ್ತಿರದ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ಆಗ 56 ವರ್ಷ.

ಎರಡು ದಿನಗಳ ನಂತರ ಪತ್ರಕರ್ತರು ಮಹಾರಾಷ್ಟ್ರ ಸರ್ಕಾರದ ಆಡಳಿತ ಕೇಂದ್ರವಾದ ‘ಮಂತ್ರಾಲಯ’ಕ್ಕೆ ಮೆರವಣಿಗೆ ಹೊರಟು ಸಿಬಿಐ ತನಿಖೆಗೆ ಒತ್ತಾಯಿಸಿದರು. ಡೇ ತೈಲ ಕಲಬೆರಕೆ ದಂಧೆಯ ಬಗ್ಗೆಯೂ ಬರೆದಿದ್ದರಿಂದ ಮೊದಮೊದಲು ಅನುಮಾನ ಆ ಕಡೆಗಿತ್ತು. ಅದೇ ತಿಂಗಳ ಕೊನೆಯಲ್ಲಿ ಕ್ರೈಂ ಬ್ರಾಂಚ್ ರಾಜನ್ ಗುಂಪಿನ ಶೂಟರ್‌ಗಳನ್ನು ಬಂಧಿಸಿತು.

ರಾಜನ್ ಸಿಕ್ಕಿದ್ದು ನಾಲ್ಕು ವರ್ಷ ಕಳೆದ ಮೇಲೆ, 2015ರ ಅಕ್ಟೋಬರ್ 25ರಂದು, ಇಂಡೊನೇಷ್ಯಾದ ಬಾಲಿಯಲ್ಲಿ. ಅವನ ಕೈಯಲ್ಲಿದ್ದ ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರು ಮೋಹನ್ ಕುಮಾರ್. ಈ ಹೆಸರಿನ ಗುರುತಿಗೆ ಆಧಾರವಾದ ಪಾಸ್‌ಪೋರ್ಟನ್ನು ಮಂಡ್ಯದ ವಿಳಾಸ ತೋರಿಸಿ ಬೆಂಗಳೂರಿನಲ್ಲಿ ಪಡೆಯಲಾಗಿತ್ತು. ಈ ನಕಲಿ ಪಾಸ್‌ಪೋರ್ಟ್ ಪ್ರಕರಣದಲ್ಲಿ 2017ರ ಏಪ್ರಿಲ್‌ನಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ ರಾಜನ್ ಜತೆ ಮೂವರು ಪಾಸ್‌ಪೋರ್ಟ್ ಕಚೇರಿ ಸಿಬ್ಬಂದಿಗೂ ಏಳು ವರ್ಷ ಶಿಕ್ಷೆ ವಿಧಿಸಿತು. ಭೂಗತ ಲೋಕ ನಿಂತಿರುವುದು ಪಿಸ್ತೂಲಿನ ಮೇಲೆ ಮಾತ್ರವಲ್ಲ, ಕಚೇರಿಯೊಂದರ ಮೊಹರಿನ ಮೇಲೂ ಹೌದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

2018ರ ಮೇ 2ರಂದು ಮುಂಬೈನ ವಿಶೇಷ ನ್ಯಾಯಾಲಯ ಡೇ ಕೊಲೆ ಪ್ರಕರಣದಲ್ಲಿ ರಾಜನ್ ಹಾಗೂ ಇತರ ಎಂಟು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೊಲೆಯಾಗಿ ಆಗ ಏಳು ವರ್ಷ ತುಂಬುತ್ತಿತ್ತು.

ಸುದ್ದಿ ಬರೆಯುವವರೇ ಸುದ್ದಿಯಾದಾಗ

ಈ ಪ್ರಕರಣದಲ್ಲಿ ಇನ್ನೊಂದು ಬದುಕೂ ಸುಟ್ಟಿತು. 2011ರ ನವೆಂಬರ್‌ನಲ್ಲಿ ಪೊಲೀಸರು ಜಿಗ್ನಾ ವೋರಾ ಎಂಬ ಕ್ರೈಂ ಪತ್ರಕರ್ತೆಯನ್ನು ಬಂಧಿಸಿದರು. ಡೇ ಅವರ ಬೈಕಿನ ಸಂಖ್ಯೆ ಮತ್ತು ವಿಳಾಸವನ್ನು ರಾಜನ್‌ಗೆ ಮುಟ್ಟಿಸಿದರು, ವೃತ್ತಿ ಮತ್ಸರವೇ ಇದಕ್ಕೆ ಕಾರಣ ಎಂಬುದು ಆರೋಪ. ಮರುವರ್ಷ ಜುಲೈನಲ್ಲಿ ಜಾಮೀನು ಸಿಗುವವರೆಗೆ ಅವರು ಬೈಕುಲಾ ಜೈಲಿನಲ್ಲಿದ್ದರು.

ನಿನ್ನೆಯವರೆಗೆ ಅವರ ಪಕ್ಕದಲ್ಲೇ ನಿಂತು ವರದಿ ಮಾಡುತ್ತಿದ್ದವರು ಅವರ ಚಾರಿತ್ರ್ಯದ ಬಗ್ಗೆ ಪುಟಗಟ್ಟಲೆ ಬರೆದರು. ಬರೆದದ್ದರ ಮೂಲ ಯಾವುದು? ಮತ್ತದೇ, ‘ಮೂಲಗಳು ತಿಳಿಸಿವೆ’. 2018ರ ತೀರ್ಪಿನಲ್ಲಿ ನ್ಯಾಯಾಲಯ ಪುರಾವೆ ಇಲ್ಲವೆಂದು ವೋರಾ ಅವರನ್ನು ಖುಲಾಸೆ ಮಾಡಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜೈಲಿನ ದಿನಗಳ ಬಗ್ಗೆ ಅವರು ಬರೆದ ಪುಸ್ತಕವನ್ನು ಆಧರಿಸಿ 2023ರಲ್ಲಿ ‘ಸ್ಕೂಪ್’ ಸರಣಿ ಬಂತು. ಅಷ್ಟರಲ್ಲಿ ಅವರು ವರದಿಗಾರಿಕೆಯಿಂದ ದೂರವಾಗಿದ್ದರು.

ಈ ವೃತ್ತಿಯಲ್ಲಿ ಇರುವವರು ಅತ್ಯಂತ ಎಚ್ಚರದಿಂದ ನೆನಪಿಡಬೇಕಾದ ಅಧ್ಯಾಯ ಇದು. ಅಪರಾಧಿಗಳೊಡನೆ ಫೋನಿನಲ್ಲಿ ಮಾತಾಡುವುದು ಕ್ರೈಂ ರಿಪೋರ್ಟರ್‌ನ ಕೆಲಸದ ಭಾಗ. ಅದೇ ಫೋನ್ ಕರೆ ನಾಳೆ ಅವನ ವಿರುದ್ಧದ ಸಾಕ್ಷಿಯಾಗಿ ನಿಲ್ಲಬಹುದು. ಕೆಲಸ ಎಲ್ಲಿ ಮುಗಿಯಿತು, ಒಡನಾಟ ಎಲ್ಲಿ ಶುರುವಾಯಿತು ಎಂದು ತೋರಿಸುವ ಗೆರೆ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಯಾರನ್ನು, ಎಂದು, ಏಕೆ ಭೇಟಿಯಾದೆ ಎಂಬುದು ಸಂಪಾದಕರಿಗೆ ಗೊತ್ತಿರಬೇಕು ಎಂಬ ನಿಯಮ ಇರುವುದು ವರದಿಗಾರನ ರಕ್ಷಣೆಗೇ.

ಪೊಲೀಸರಿಗಿರುವ ರಕ್ಷೆ ಪತ್ರಕರ್ತನಿಗಿಲ್ಲ

ಇಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿ ಇದೆ. ಅಪರಾಧದ ಸುಳಿವು ಯಾರು ಕೊಟ್ಟರು ಎಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ನ್ಯಾಯಾಲಯ ಬಲವಂತ ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 125ನೇ ಸೆಕ್ಷನ್ ಕೊಟ್ಟ ಈ ರಕ್ಷೆ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಹೆಸರು ಬಯಲಾದರೆ ಮಾಹಿತಿದಾರ ಬದುಕುವುದಿಲ್ಲ, ಮುಂದೆ ಯಾರೂ ಮಾಹಿತಿ ಕೊಡುವುದಿಲ್ಲ ಎಂಬುದು ಅದರ ಹಿಂದಿನ ವಿವೇಕ.

ಅದೇ ಮಾಹಿತಿದಾರ ಅದೇ ಸುಳಿವನ್ನು ಪತ್ರಕರ್ತನಿಗೆ ಕೊಟ್ಟರೆ? ಅಂಥ ರಕ್ಷೆ ಯಾವ ಕಾನೂನಿನಲ್ಲೂ ಇಲ್ಲ. 1978ರ ಭಾರತೀಯ ಪತ್ರಿಕಾ ಮಂಡಳಿ ಕಾಯ್ದೆಯ 15ನೇ ಸೆಕ್ಷನ್ ಸುದ್ದಿಮೂಲ ಬಹಿರಂಗಪಡಿಸುವಂತೆ ಒತ್ತಾಯಿಸಬಾರದು ಎನ್ನುತ್ತದೆ, ಆದರೆ ಅದು ಮಂಡಳಿಯ ಮುಂದಿನ ವಿಚಾರಣೆಗಳಿಗಷ್ಟೇ ಅನ್ವಯ. 1983ರಲ್ಲೇ ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ ಈ ರಕ್ಷೆಯನ್ನು ಸಾಕ್ಷ್ಯ ಕಾಯ್ದೆಗೆ ಸೇರಿಸಲು ಶಿಫಾರಸು ಮಾಡಿತ್ತು. ನಾಲ್ಕು ದಶಕ ಕಳೆದು ಕಾಯ್ದೆಯೇ ಹೊಸದಾಯಿತು, ಶಿಫಾರಸು ಕಡತದಲ್ಲೇ ಉಳಿಯಿತು.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ, ಪೆಗಾಸಸ್ ಬೇಹು ತಂತ್ರಾಂಶದ ಪ್ರಕರಣದಲ್ಲಿ, ಸುದ್ದಿಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲಭೂತ ಷರತ್ತುಗಳಲ್ಲೊಂದು ಎಂದು ಒಪ್ಪಿಕೊಂಡಿತು. ಆದರೆ 2023ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯವೊಂದು, ತನಿಖಾ ಸಂಸ್ಥೆಗಳಿಗೆ ಮೂಲ ತಿಳಿಸುವುದರಿಂದ ಪತ್ರಕರ್ತರಿಗೆ ಶಾಸನದ ವಿನಾಯಿತಿ ಇಲ್ಲ ಎಂದು ಹೇಳಿತು. ತತ್ವವನ್ನು ಒಪ್ಪಿಕೊಂಡಿದ್ದೇವೆ, ಅದನ್ನು ಕಾನೂನಾಗಿ ಬರೆದಿಲ್ಲ.

ಇಂದು ಮೂಲದ ಹೆಸರು ಕೇಳುವ ಅಗತ್ಯವೂ ಇಲ್ಲ. ಮೊಬೈಲ್ ವಶಪಡಿಸಿಕೊಂಡರೆ ಹತ್ತು ವರ್ಷಗಳ ಸಂಪರ್ಕಗಳೆಲ್ಲ ಒಮ್ಮೆಗೇ ಸಿಗುತ್ತವೆ. ಹಳೆಯ ಕಾಲದ ವರದಿಗಾರನ ನೋಟ್‌ಬುಕ್ಕಿನಲ್ಲಿ ಅಡ್ಡಹೆಸರುಗಳಷ್ಟೇ ಇರುತ್ತಿದ್ದವು. ಫೋನ್ ಅಡ್ಡಹೆಸರನ್ನೂ ಬರೆದುಕೊಳ್ಳುತ್ತದೆ, ಭೇಟಿಯಾದ ಜಾಗವನ್ನೂ ಹೊತ್ತನ್ನೂ ಬರೆದುಕೊಳ್ಳುತ್ತದೆ. ಸೂಕ್ಷ್ಮ ಭೇಟಿಗೆ ಹೊರಡುವ ಅನುಭವಿಗಳು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುವುದು ಇದಕ್ಕಾಗಿ.

ಡಬ್ಲಿನ್ ಕಲಿಸಿದ ಪಾಠ

ಡೇಗಿಂತ 15 ವರ್ಷ ಮುಂಚೆ ಐರ್ಲೆಂಡಿನಲ್ಲಿ ಹೀಗೆಯೇ ಒಂದು ಕೊಲೆ ನಡೆಯಿತು. ವೆರೋನಿಕಾ ಗೆರಿನ್ ಡಬ್ಲಿನ್‌ನ ‘ಸಂಡೇ ಇಂಡಿಪೆಂಡೆಂಟ್’ ಪತ್ರಿಕೆಯ ವರದಿಗಾರ್ತಿ. ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಲೆಕ್ಕಪತ್ರದ ಕೆಲಸ ಬಲ್ಲವರಾಗಿದ್ದರು. ಮಾದಕ ವಸ್ತು ದಂಧೆಯವರ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿದರು. ಮನೆಯ ಕಿಟಕಿಗೆ ಗುಂಡು ಬಿತ್ತು. 1995ರ ಜನವರಿಯಲ್ಲಿ ಕಾಲಿಗೆ ಗುಂಡು ಬಿತ್ತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 1996ರ ಜೂನ್ 26ರಂದು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ್ದಾಗ ಬೈಕಿನಲ್ಲಿ ಬಂದವರು ಅವರನ್ನು ಕೊಂದರು.

ಮುಂದೆ ನಡೆದದ್ದು ನೆನಪಿಡಬೇಕಾದ್ದು. ಆ ವರ್ಷದ ಆಗಸ್ಟ್‌ನೊಳಗೆ ಐರ್ಲೆಂಡ್ ಅಪರಾಧದಿಂದ ಗಳಿಸಿದ ಆಸ್ತಿಯನ್ನು ಮುಟ್ಟುಗೋಲು ಹಾಕುವ ಕಾಯ್ದೆ ತಂದಿತು. ಅಕ್ಟೋಬರ್‌ನಲ್ಲಿ ಪೊಲೀಸರು, ತೆರಿಗೆಯವರು, ಸಮಾಜ ಕಲ್ಯಾಣದ ಅಧಿಕಾರಿಗಳು ಒಂದೇ ಸೂರಿನಡಿ ಕೆಲಸ ಮಾಡುವ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಗೆರಿನ್ ಒಬ್ಬರೇ ಹಿಡಿದು ಹೊರಟಿದ್ದ ಹಣದ ಜಾಡನ್ನು ಸರ್ಕಾರವೇ ತನ್ನ ಕೆಲಸವಾಗಿ ಕೈಗೆತ್ತಿಕೊಂಡಿತು.

ಮಹಾರಾಷ್ಟ್ರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಪತ್ರಕರ್ತರು ವರ್ಷಗಟ್ಟಲೆ ಹೋರಾಡಿದ ಮೇಲೆ 2017ರಲ್ಲಿ ಮಾಧ್ಯಮದವರ ಮೇಲಿನ ಹಲ್ಲೆ ತಡೆಗೆ ಅಲ್ಲಿನ ಶಾಸನಸಭೆ ಕಾಯ್ದೆ ಅಂಗೀಕರಿಸಿತು. ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ, ಜಾಮೀನಿಲ್ಲದ ಅಪರಾಧ ಎಂದಿತು. ಛತ್ತೀಸ್‌ಗಢ 2023ರಲ್ಲಿ ತನ್ನದೇ ಕಾಯ್ದೆ ತಂದಿತು. ಆದರೆ ಇವು ಏಟು ಬಿದ್ದ ಮೇಲೆ ಬರುವ ರಕ್ಷಣೆಗಳು. ಮೂಲವನ್ನು ಕಾಯುವ ಕಾನೂನು ಇಂದಿಗೂ ಬಾಕಿ.

ಓದುಗನ ಪಾಲು

ಇಷ್ಟೆಲ್ಲ ಅಪಾಯ ಇದ್ದೂ ಈ ಕೆಲಸ ಏಕೆ ಬೇಕು? ಪೊಲೀಸರು ಹೇಳಿದ್ದನ್ನೇ ಬರೆದುಕೊಂಡರೆ ಸಾಲದೆ? ವರ್ಸೋವಾದ ಎನ್‌ಕೌಂಟರ್ ಆ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಹಫ್ತಾ ಕೊಟ್ಟು ಬಾಯಿ ಮುಚ್ಚಿಕೊಂಡ ಹೋಟೆಲ್ ಮಾಲೀಕ, ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಸಾಕ್ಷಿ, ಲಾಕಪ್ಪಿನಲ್ಲಿ ಸತ್ತವನ ತಾಯಿ, ಇವರಿಗೆ ಪೊಲೀಸರೂ ಅಲ್ಲದ, ಗೂಂಡಾಗಳೂ ಅಲ್ಲದ ಮೂರನೆಯವರೊಬ್ಬರು ಬೇಕು. ಆ ಮೂರನೆಯವರ ಮೇಲೆ ಎರಡೂ ಕಡೆಯವರ ಕಣ್ಣಿರುತ್ತದೆ. ಅದು ಆ ಜಾಗದ ಗುಣ.

ಓದುಗರಾದ ನಾವೂ ಒಂದು ಕೆಲಸ ಮಾಡಬಹುದು. ಕ್ರೈಂ ಸುದ್ದಿಯನ್ನು ರೋಚಕ ಕಥೆಯಂತೆ ಓದಿ ಪುಟ ತಿರುವುವ ಬದಲು, ವರದಿಗಾರ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳೋಣ. ಇದನ್ನು ಹೇಳಿದವರು ಯಾರಿರಬಹುದು? ಇದರಿಂದ ಯಾರಿಗೆ ಅನುಕೂಲ? ಆರೋಪಿಯ ಮಾತು ಈ ವರದಿಯಲ್ಲಿ ಇದೆಯೇ? ಮೂಲದ ಹೆಸರು ಕೇಳುವುದು ಬೇಡ. ಕಾಗದದ ಆಧಾರ ಎಲ್ಲಿ ಎಂದು ಕೇಳೋಣ. ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಪತ್ರಿಕೆಯನ್ನು ಕೊಂಡು ಓದೋಣ.

ಈ ರಾತ್ರಿಯೂ ಯಾವುದೋ ಊರಿನ ಚಹಾದಂಗಡಿಯಲ್ಲಿ ಒಬ್ಬ ವರದಿಗಾರ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾನೆ. ಬರಲಿರುವವನು ಸುದ್ದಿ ತರುತ್ತಾನೋ, ವರದಿಗಾರನ ಮುಖವನ್ನು ಇನ್ಯಾರಿಗೋ ತೋರಿಸಿಕೊಡಲು ಬರುತ್ತಾನೋ ಅವನಿಗೆ ತಿಳಿಯದು. ಮುಲುಂಡಿನ ಆ ಬಾರಿನಲ್ಲಿ ಕೂತಿದ್ದ ಡೇ ಅವರಿಗೂ ತಿಳಿದಿರಲಿಲ್ಲ. ನಾಳೆ ಬೆಳಗ್ಗೆ ಪತ್ರಿಕೆ ಬಿಡಿಸಿದಾಗ ‘ಮೂಲಗಳು ತಿಳಿಸಿವೆ’ ಎಂಬ ಎರಡು ಪದ ಕಂಡರೆ, ಆ ಸಾಲಿನ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿ ಮುಂದೆ ಓದೋಣ.